ಸೆಕೆಂಡಿಗೆ ಸೆಕೆಂಡ್ ಸರಿಯಾದ ಸಬ್‌ಟೈಟಲ್

ಬಸ್ ಡಿಪೋದ ಟೈಂಕೀಪರಿಗೆ ಆ ವಾರ ಕಂಡಕಂಡವರ ಮೇಲೆಲ್ಲ ಸಿಟ್ಟು. ಡ್ರೈವರುಗಳ ಮೇಲೆ ಸಿಟ್ಟಾಗುವುದು ಅವನ ಕೆಲಸದ ಭಾಗ, ಅದಕ್ಕೆ ಸಂಬಳವೂ ಇದೆ. ಆದರೆ ಮನೆಗೆ ಬಂದು ಶೂ ಬಿಚ್ಚುವ ಮೊದಲೇ ಕಂಪ್ಯೂಟರಿನ ಮೇಲೆ ಹಲ್ಲು ಕಡಿಯುವುದು ಬಿಟ್ಟಿ ಚಾಕರಿ.

ಮನೆಯ ಹಳೇ ಕಂಪ್ಯೂಟರಿನಿಂದ ವಿಂಡೋಸ್ ಕಿತ್ತು ಲಿನಕ್ಸ್ ಹಾಕಿದವನು ಅವನೇ. ಹಾಕಿದ ದಿನ ಊಟದ ಮೇಜಿನ ಮುಂದೆ ಎದ್ದು ನಿಂತು, ಇನ್ನು ಮುಂದೆ ಈ ಮನೆಯಲ್ಲಿ ಆಗದ ಕೆಲಸವೆಂಬುದೇ ಇಲ್ಲ ಎಂದು ರಾಜಾಜ್ಞೆ ಹೊರಡಿಸಿದ್ದ. ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಯಾವುದನ್ನೇ ಆಗಲಿ ಮೊದಲು ತಿರುಗಿಸಿ ಎಕ್ಸ್‌ಪೈರಿ ದಿನಾಂಕ ನೋಡುವವಳು. ರಾಜಾಜ್ಞೆಯನ್ನೂ ಅದೇ ಮುಖದಲ್ಲಿ ಕೇಳಿಸಿಕೊಂಡಿದ್ದಳು.

ಈಗ ಅವಳ ಅಪ್ಪ ಬಂದು ಇವರ ಜೊತೆಗಿದ್ದರು. ಮೂವತ್ತೆಂಟು ವರ್ಷ ಗರಗಸದ ಯಂತ್ರದ ಪಕ್ಕ ನಿಂತು ಮರ ಕೊಯ್ದ ಬಡಗಿ. ಕಿವಿ ಪೂರ್ತಿ ಹೋಗಿತ್ತು, ಕಿವಿಗೆ ಹಾಕುವ ಮೆಷಿನ್ನಿನಿಂದಲೂ ಪ್ರಯೋಜನವಿಲ್ಲವೆಂದು ಡಾಕ್ಟರು ಕೈಚೆಲ್ಲಿದ್ದರು. ಅವರಿಗೆ ಏನು ಹೇಳಬೇಕಾದರೂ ಚೀಟಿಯಲ್ಲಿ ಬರೆದು ತೋರಿಸಬೇಕು. ಭಾನುವಾರ ಮಧ್ಯಾಹ್ನ ಎಲ್ಲರೂ ಸಿನಿಮಾ ನೋಡುತ್ತಿದ್ದರೆ ಅವರು ಮಗಳ ಮುಖ ನೋಡುತ್ತ ಕೂರುತ್ತಿದ್ದರು. ಅವಳು ನಕ್ಕರೆ ಎರಡು ಸೆಕೆಂಡ್ ಬಿಟ್ಟು ತಾವೂ ನಗುವುದು, ಅವಳು ಕಣ್ಣೊರೆಸಿಕೊಂಡರೆ ತಾವೂ ಕನ್ನಡಕ ತೆಗೆಯುವುದು. ಮೂರು ಭಾನುವಾರ ಇದನ್ನು ನೋಡಿ ಅವಳಿಗೆ ಸಂಕಟವಾಯಿತು. ಆ ಸಂಕಟ ಗಂಡನ ಹತ್ತಿರ ಬರುವ ಹೊತ್ತಿಗೆ ಸಿಟ್ಟಾಗಿತ್ತು.

"ನಿಮ್ಮ ಲಿನಕ್ಸಲ್ಲಿ ಎಲ್ಲಾ ಆಗುತ್ತೆ ಅಂದ್ರಲ್ಲ. ನಮ್ಮಪ್ಪ ಓದ್ಕೊಂಡು ಸಿನಿಮಾ ನೋಡೋ ಹಾಗೆ ಮಾಡ್ಕೊಡಿ. ಬರೋ ಭಾನುವಾರದೊಳಗೆ."

ಅಂಗಡಿಯ ಗೆಳತಿಯಿಂದ ಒಂದು ಪೆನ್‌ಡ್ರೈವನ್ನೂ ತಂದು ಮುಂದಿಟ್ಟಳು. ಅದರಲ್ಲಿ ಕೆಲವು ಕನ್ನಡ ಸಿನಿಮಾಗಳು, ಬೇರೆಯಾಗಿ ಅವುಗಳ ಸಬ್‌ಟೈಟಲ್ ಫೈಲುಗಳು, ಅವೂ ಕನ್ನಡದಲ್ಲೇ. ಎರಡಕ್ಕೂ ಹೆಸರಿನ ಜಾಗದಲ್ಲಿ ಬರೀ ಅಂಕಿಗಳಿದ್ದವು. ಟೈಂಕೀಪರ್ ಒಂದು ಸಿನಿಮಾ, ಒಂದು ಫೈಲು ಎತ್ತಿಕೊಂಡು ಯುದ್ಧಕ್ಕೆ ಕೂತ.

ಸಿನಿಮಾ ಓಡಿಸಲು ಹಾಕಿಕೊಂಡ ಮೊದಲನೇ ಪ್ಲೇಯರ್ ಚಿತ್ರವನ್ನೇನೋ ತೋರಿಸಿತು, ಅಕ್ಷರದ ಸುದ್ದಿಯನ್ನೇ ಎತ್ತಲಿಲ್ಲ. ಕಿತ್ತೆಸೆದ. ಎರಡನೆಯದರಲ್ಲಿ ಅಕ್ಷರದ ಬದಲು ಸಾಲಾಗಿ ಖಾಲಿ ಚೌಕಗಳು ಬಂದವು. ಮಾವನವರು ಅವನ್ನು ಗೌರವದಿಂದ ಐದು ನಿಮಿಷ ದಿಟ್ಟಿಸಿ, ಇದು ಯಾವ ಕಿಟಕಿಯ ಅಳತೆ ಎಂದು ವಿಚಾರಿಸಿದರು. (ಕನ್ನಡದ ಫಾಂಟ್ ಹಾಕದೆ ಬಿಟ್ಟವರು ಯಾರು ಎಂದು ಹೆಂಡತಿಯೂ ವಿಚಾರಿಸಿದಳು.) ಫಾಂಟ್ ಹಾಕಿದ ಮೇಲೆ ಮೂರನೆಯದು ಅಕ್ಷರವನ್ನೇನೋ ಕೊಟ್ಟಿತು, ಇರುವೆಯ ಗಾತ್ರದಲ್ಲಿ, ದೊಡ್ಡದು ಮಾಡಿದರೆ ನಾಯಕಿಯ ಮುಖವೇ ಮುಚ್ಚಿಹೋಯಿತು. ನಾಲ್ಕನೆಯದಕ್ಕೆ ಒತ್ತಲು ಗುಂಡಿಗಳೇ ಇಲ್ಲ, ಎಲ್ಲವನ್ನೂ ಕಪ್ಪು ಪರದೆಯಲ್ಲಿ ಟೈಪ್ ಮಾಡಿ ಬೇಡಿಕೊಳ್ಳಬೇಕು. ನಾನೇನು ನಿನ್ನ ಜವಾನನೇ ಎಂದು ಅವನು ಅದರ ಮುಖಕ್ಕೇ ಬೈದ.

ಐದನೆಯದರಲ್ಲಿ ಅಕ್ಷರ ಸ್ಪಷ್ಟ, ಗಾತ್ರ ಹದ. ಆದರೆ ಸಮಯ ತಪ್ಪು. ಟೈಂಕೀಪರನ ಮನೆಯಲ್ಲಿ, ಟೈಂಕೀಪರನ ಕಣ್ಣೆದುರಿಗೇ, ಮಾತು ಲೇಟು. ನಾಯಕ ಬಾಯಿ ಮುಚ್ಚಿ ಹೊರಟುಹೋದ ಮೇಲೆ ಸಾಲು ಬರುತ್ತಿತ್ತು, ಒಮ್ಮೊಮ್ಮೆ ಖಾಲಿ ಬೀದಿಯೇ ಮಾತಾಡುತ್ತಿತ್ತು. ಒಂದು ಕಡೆ ಹಿಂದೆ ಮುಂದೆ ಸರಿಸಿ ಕೂರಿಸಿದರೆ ಇನ್ನೊಂದು ಕಡೆ ಏಳುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಡಿಪೋದ ಒಂದು ಬಸ್ಸೂ ಅವನಿಗೆ ಹೀಗೆ ಅವಮಾನ ಮಾಡಿರಲಿಲ್ಲ.

ಗುರುವಾರದಿಂದ ಮೂರು ದಿನ ರಜೆ ಹಾಕಿದ. ಗಮನ ಕೆಡಬಾರದೆಂದು ಸಿನಿಮಾದ ಶಬ್ದ ನಿಲ್ಲಿಸಿ, ಸ್ಟಾಪ್‌ವಾಚ್ ಹಿಡಿದು, ಸಬ್‌ಟೈಟಲ್ ಫೈಲನ್ನೇ ತೆರೆದು ಒಂದೊಂದು ಸಾಲಿನ ಸಮಯವನ್ನೂ ಕೈಯಾರೆ ತಿದ್ದತೊಡಗಿದ. ತೆರೆಯ ಮೇಲೆ ಬಾಯಿ ತೆರೆಯಬೇಕು, ಸಾಲು ಹೊರಡಬೇಕು. ಡಿಪೋದಲ್ಲೂ ಅಷ್ಟೇ, ಬಸ್ಸು ಗೇಟು ದಾಟಿದ ನಿಮಿಷ ಬರೆಯುವುದು ಅವನ ಕೆಲಸ, ಒಳಗೆ ಯಾರು ಕೂತಿದ್ದಾರೆಂದು ನೋಡುವುದು ಕಂಡಕ್ಟರನ ಕೆಲಸ. ಸಾವಿರದ ಇನ್ನೂರು ಸಾಲುಗಳು ಹೀಗೆ ಗೇಟು ದಾಟಿದವು. ಸಿನಿಮಾ ಮುಗಿದರೂ ಮಿಕ್ಕ ನಲವತ್ತು ಸಾಲುಗಳನ್ನು ಪ್ಲೇಯರಿನ ಕುತಂತ್ರವೆಂದು ಅಳಿಸಿಹಾಕಿದ. ಊಟಕ್ಕೆ ಕರೆದ ಹೆಂಡತಿಗೆ ಬೈಗುಳ ಸಿಕ್ಕಿತು, ತಟ್ಟೆ ತಂದು ಪಕ್ಕದಲ್ಲಿಟ್ಟದ್ದಕ್ಕೆ ಇನ್ನೂ ಹೆಚ್ಚು ಸಿಕ್ಕಿತು.

ಭಾನುವಾರ ಮಧ್ಯಾಹ್ನ ಸಿನಿಮಾ ಶುರುವಾಯಿತು. ಬಹಳ ದುಃಖದ ಕಥೆ. ಆದರೆ ಮಾವನವರು ಮಗಳ ಮುಖ ನೋಡಲೇ ಇಲ್ಲ. ತೆರೆಯನ್ನೇ ನೋಡುತ್ತ ಮೊದಲು ಮುಗುಳ್ನಕ್ಕರು, ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು. ಆಸ್ಪತ್ರೆಯ ದೃಶ್ಯ ಬಂದಾಗ ಮಗಳು ಬಿಕ್ಕುತ್ತಿದ್ದರೆ ಇವರು ಹೊಟ್ಟೆ ಹಿಡಿದುಕೊಂಡಿದ್ದರು. ಅಪ್ಪನಿಗೆ ಏನಾಯಿತೋ ಎಂದು ಅವಳು ಗಾಬರಿಯಾದಳು. ಕಣ್ಣೊರೆಸಿಕೊಂಡು ತೆರೆಯ ಕೆಳಗಿನ ಅಕ್ಷರ ಓದಿದಳು.

ಸಾಯುತ್ತಿದ್ದ ಗಂಡ ಹೆಂಡತಿಯ ಕೈ ಹಿಡಿದು ತುಟಿ ಅಲುಗಿಸಿದ: "ಪಕ್ಕದ ಮನೆಯ ಕೋಳಿ ಕದ್ದದ್ದು ನಾನೇ." ಅವಳು ಅವನ ಎದೆಯ ಮೇಲೆ ಬಿದ್ದು ಗೋಳಾಡಿದಳು: "ಹಾಗಾದರೆ ಒಂದು ಕಾಲು ನನಗೆ." ಡಾಕ್ಟರು ತಲೆತಗ್ಗಿಸಿ ಕನ್ನಡಕ ತೆಗೆದರು: "ಎಲ್ಲರೂ ಮಂಚದ ಕೆಳಗೆ ನುಗ್ಗಿ, ಪೊಲೀಸು ಬಂತು."

"ರೀ, ಇದು ಯಾವ ಸಿನಿಮಾದ ಮಾತು?"

ಟೈಂಕೀಪರ್ ಆ ಸಾಲುಗಳ ಸಮಯ ಬಿಟ್ಟು ಅರ್ಥ ನೋಡಿದ್ದು ಅದೇ ಮೊದಲು. ಅವನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಆದರೂ, ಸೆಕೆಂಡ್ ಮಾತ್ರ ಸರಿಯಾಗಿದೆಯಲ್ಲ ಎಂದು ಗೊಣಗಿದ. ಐದು ಪ್ಲೇಯರಿಗೆ ಬೈದದ್ದು, ತನಗೆ ಬೈದದ್ದು, ರಜೆ ಹಾಳು ಮಾಡಿದ್ದು, ಎಲ್ಲವನ್ನೂ ಹೆಂಡತಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಈಗಲೇ ಸರಿಯಾದ ಫೈಲು ಹಾಕುತ್ತೇನೆಂದು ಅವನು ಎದ್ದ. ಅವಳು ಅಪ್ಪನ ಮುಂದೆ ಚೀಟಿ ಹಿಡಿದಳು: ಇದು ಬೇರೆ ಸಿನಿಮಾದ ಮಾತು, ತಪ್ಪಾಗಿದೆ.

ಮಾವನವರು ಚೀಟಿ ಓದಿದರು. ತೆರೆ ನೋಡಿದರು. ಮತ್ತೆ ಚೀಟಿ ಓದಿದರು.

"ಅಳಿಯಂದ್ರೇ, ಅದನ್ನ ಮುಟ್ಟಬೇಡಿ" ಎಂದರು. ಆಮೇಲೆ ಮಗಳ ಕಡೆ ತಿರುಗಿ, "ನಿಂಗೆ ಕೇಳಿಸೋದೇ ತೊಂದ್ರೆ ಕಣಮ್ಮ. ಆ ಶಬ್ದ ನಿಲ್ಸು, ನನ್ ಜೊತೆ ಓದು" ಎಂದರು.

ಅವಳು ಶಬ್ದ ನಿಲ್ಲಿಸಿದಳು. ತೆರೆಯ ಮೇಲೆ ಸತ್ತವನ ಅಣ್ಣ ಶವದ ಮುಂದೆ ನಿಂತು ಗಂಭೀರವಾಗಿ ಕೋಳಿಯ ಲೆಕ್ಕ ಒಪ್ಪಿಸಿದ. ಅಪ್ಪ ಮಗಳು ಇಬ್ಬರೂ ಒಂದೇ ಕ್ಷಣಕ್ಕೆ ನಕ್ಕರು. ನಡುವೆ ನಿಂತಿದ್ದ ಟೈಂಕೀಪರಿಗೆ, ಅಕ್ಷರ ಕಾಣುತ್ತಿಲ್ಲ, ಪಕ್ಕಕ್ಕೆ ಸರಿಯಿರಿ ಎಂದು ಇಬ್ಬರಿಂದಲೂ ಅಪ್ಪಣೆಯಾಯಿತು.

ಸಿನಿಮಾ ಮುಗಿದಾಗ ಮಾವನವರು, ಬರುವ ವಾರ ಇನ್ನೊಂದು ಸಿನಿಮಾಕ್ಕೂ ಹೀಗೇ ತಪ್ಪು ಮಾಡಿಕೊಡಬೇಕೆಂದು ಅಳಿಯನನ್ನು ಕೇಳಿಕೊಂಡರು. ಹೆಂಡತಿ ಆ ವಾರದಲ್ಲಿ ಮೊದಲ ಬಾರಿಗೆ ಗಂಡನ ಕಡೆ ಪ್ರೀತಿಯಿಂದ ನೋಡಿದಳು.

"ರೀ, ನಿಮಗೆ ಇನ್ನೂ ಎಷ್ಟು ದಿನ ರಜೆ ಇದೆ?"