ಸೀರೆ ನೆಲ ಸೋಕದಂತೆ ಅತ್ತ ರಾಣಿ

ಹನಗೋಡಿನ ಹೆಂಗಸರನ್ನೆಲ್ಲ ಒಂದೇ ಹಾಡಿನಲ್ಲಿ ಅಳಿಸದಿದ್ದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ನಾನು ಅರಳಿಕಟ್ಟೆಯ ಮೇಲೆ ನಿಂತು ಶಪಥ ಮಾಡಿದೆ. ನಾಟಕದಲ್ಲಿ ರಾಣಿಯ ಪಾತ್ರಕ್ಕೆ ಮೀಸೆ ಹೇಗೂ ಬೋಳಿಸಲೇಬೇಕಿತ್ತು, ಆ ಮಾತು ಬೇರೆ!

ಮಹಾರಾಜರ ವರ್ಧಂತಿಗೆ ನಮ್ಮೂರಿನಲ್ಲಿ ಹಳೆಯ ಸಂಗೀತ ನಾಟಕವೊಂದನ್ನು ಆಡುವುದೆಂದು ತೀರ್ಮಾನವಾಗಿತ್ತು. ಹೆಂಗಸರು ರಂಗ ಹತ್ತುವ ಕಾಲವಲ್ಲ ಅದು. ಕಂಠವಿದ್ದ ಗಂಡಸೇ ರಾಣಿ! ಕೊನೆಯ ಸೀನಿನಲ್ಲಿ ಯುದ್ಧದಲ್ಲಿ ಮಡಿದ ರಾಜನ ಪಕ್ಕ ರಾಣಿ ನೆಲಕ್ಕೆ ಬಿದ್ದು, ಹೊರಳಾಡುತ್ತಾ ಹಾಡಬೇಕು. ಅದಕ್ಕಾಗಿ ನಾನು ಎಷ್ಟೋ ದಿನ ಹೊಳೆದಂಡೆಯಲ್ಲಿ ಎಮ್ಮೆಗಳ ಮುಂದೆ ಗೋಳಾಡಿದ್ದೆ. ಅವು ಮೇಯುವುದನ್ನು ನಿಲ್ಲಿಸಿರಲಿಲ್ಲ.

ಕಂಠವಿತ್ತು, ಸೀರೆಯಿರಲಿಲ್ಲ. ಹೆಂಡತಿ ಪುಟ್ಟಸಿದ್ದಮ್ಮನ ಪೆಟ್ಟಿಗೆಯಲ್ಲಿ ಅವಳಪ್ಪ ಮದುವೆಗೆ ಕೊಟ್ಟ ರೇಷ್ಮೆ ಸೀರೆಯಿತ್ತು. ಕೇಳಿದೆ.

"ಕೊಡ್ತೀನಿ. ಆದ್ರೆ ನೆಲುಕ್ಕೆ ಸೋಕುಸ್ಬಾರ್ದು."

"ಒರಳಾಡ್ಬೇಕು ಕಣಮ್ಮಿ!"

"ಗಂಡ ಸತ್ರೆ ನಿಂತ್ಕಂಡು ಅಳಕ್ಕಾಗಕಿಲ್ವಾ? ನಮ್ಮಪ್ಪ ಕೊಟ್ಟಿರೋದು ಕಣ್ರೀ. ಒಂದು ಎಳೆ ಕಿತ್ರೂ ನಾನು ತವರ್ಗೆ ವೊಯ್ತೀನಿ."

"ಧೂಳು ಕೂಡ ಸೋಕಕಿಲ್ಲ ಬುಡು!" ಎಂದು ಅಭಯ ಕೊಟ್ಟೆ.

ನಾಟಕಕ್ಕೆ ಜನವೋ ಜನ. ಪುಟ್ಟಸಿದ್ದಮ್ಮ ಮುಂದಿನ ಚಾಪೆಯಲ್ಲೇ ಕೂತಿದ್ದಳು. ಅವಳ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಸೀರೆಯ ಅಂಚಿನ ಮೇಲಿತ್ತು! ಕೊನೆಯ ಸೀನು ಬಂತು. ರಾಜನ ಪಾರ್ಟಿನ ಚಿಕ್ಕಮಾದಯ್ಯ ರಾಗಿಮೂಟೆಯಂಥ ಆಳು, ಅಂಗಾತ ಸತ್ತು ಬಿದ್ದಿದ್ದ. ಸುತ್ತ ನೋಡಿದೆ. ಎಲ್ಲೆಲ್ಲೂ ಧೂಳು. ಧೂಳಿಲ್ಲದ ಜಾಗ ಒಂದೇ, ಅವನ ಮೈ! "ಹಾ, ಪ್ರಾಣಕಾಂತಾ!" ಎಂದು ಅವನ ಮೇಲೇ ಬಿದ್ದೆ. ಕಾಲು ಮಡಚಿಕೊಂಡು, ಅವನ ಹೊಟ್ಟೆಯ ಮೇಲೇ ಹೊರಳಾಡುತ್ತಾ ಹಾಡಿದೆ.

"ಒನ್ಸ್ ಮೋರ್!" ಎಂದರು ಜನ.

"ಏಳ್ಲಾ, ಉಸ್ರು ಕಟ್ತೈತೆ," ಎಂದಿತು ಹೆಣ.

"ಸತ್ತವ್ನು ಸುಮ್ಕಿರ್ಲಾ! ಸೀರೆ ಕೊಳೆಯಾಯ್ತದೆ," ಎಂದು ಪಿಸುಗುಟ್ಟಿ ಮತ್ತೆ ಹಾಡಿದೆ. ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಅಳಲಿಕ್ಕಲ್ಲ, ನಗು ತಡೆಯಲಿಕ್ಕೆ!

ಮತ್ತೆ "ಒನ್ಸ್ ಮೋರ್!" ಈ ಸಲ ಪಲ್ಲವಿ ಮುಗಿಯುವ ಮೊದಲೇ ಹೆಣ ಕೆಮ್ಮುತ್ತಾ ಎದ್ದು ಕೂತಿತು. ಅದರ ತಗಡಿನ ಎದೆಕವಚಕ್ಕೆ ಸೀರೆಯ ಅಂಚು ಸಿಕ್ಕಿಕೊಂಡಿತ್ತು. ಪರ್ರ್! ನಾನು ಉರುಳಿ ಹಾರ್ಮೋನಿಯಂ ಪಕ್ಕ ಬಿದ್ದೆ.

ಪುಟ್ಟಸಿದ್ದಮ್ಮ ಒಂದೇ ನೆಗೆತಕ್ಕೆ ರಂಗದ ಮೇಲಿದ್ದಳು! ಹರಿದ ಅಂಚನ್ನು ಎದೆಗೊತ್ತಿಕೊಂಡು, "ಅಯ್ಯೋ ನಮ್ಮಪ್ಪಾ! ಮೈಸೂರ್ಗಂಟ ನಡ್ಕಂಡೋಗಿ ತಂದಿದ್ಯಲ್ಲಪ್ಪಾ! ಈವಯ್ಯನ್ನ ನಂಬ್ಕಂಡು ಕೆಟ್ನಲ್ಲಪ್ಪಾ!" ಎಂದು ರಾಗವಾಗಿ ಅತ್ತಳು. ಹಾರ್ಮೋನಿಯಂ ಮುಂದಿದ್ದ ನಾಟಕದ ಮೇಷ್ಟ್ರು ರುದ್ರಸ್ವಾಮಿಯವರು ಅಭ್ಯಾಸಬಲದಿಂದ ಶ್ರುತಿ ಹಿಡಿದರು. ಇಡೀ ಹನಗೋಡು ಗೊಳೋ ಎಂದಿತು. ಅವಳನ್ನು ನೋಡಿ ನನಗೂ ಕಣ್ಣೀರು ಬಂತು.

ಮರುದಿನ ಮೇಷ್ಟ್ರು ತಾಂಬೂಲ ಹಿಡಿದು ಮನೆಗೆ ಬಂದರು. ಏನೇ ಆಗಲಿ, ಕಂಠಕ್ಕೆ ಬೆಲೆ ಇದ್ದೇ ಇದೆ ಎಂದು ಗತ್ತಿನಿಂದ ಕೈ ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ ತಾಂಬೂಲವನ್ನು, ತವರಿಗೆ ಹೊರಡಲು ಗಂಟು ಕಟ್ಟುತ್ತಿದ್ದ ಪುಟ್ಟಸಿದ್ದಮ್ಮನ ಮುಂದಿಟ್ಟರು.

"ಅವ್ವಾ, ಮುಂದ್ಲ ವರ್ಷದ ರಾಣಿಗೆ ಅಳೋದ ಒಸಿ ಏಳ್ಕೊಡ್ಬೇಕು."

"ಯಾರು ಮೇಷ್ಟ್ರೇ ರಾಣಿ?" ಎಂದೆ.

"ಚಿಕ್ಕಮಾದಯ್ಯ. ಅಟ ಇಡ್ದು ಪಾರ್ಟ್ ಇಸ್ಕಂಡವ್ನೆ."

"ಮತ್ತೆ ನಾನು?"

"ನೀನೇ ಎಣ ಆಗ್ಬೇಕಂತೆ ಕಣಪ್ಪಾ. ಅದೂ ಅವುಂದೇ ಅಟ!"