ಕರಡಣ್ಣನ ಅಂದಾಜಿಗೆ ಎಣೆಯಿಲ್ಲ

ಕರಡಣ್ಣನ ಕಷ್ಟಕ್ಕೆಲ್ಲ ಕಾರಣ ಒಂದು ಕಟಿಂಗ್ ಮಿಷನ್. ಔಷಧದ ಬಾಟಲಿಗಳಿಗೆ ಲೇಬಲ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಅವನದು. ಹೆಸರು ಬಂದದ್ದೂ ಅದರಿಂದಲೇ. ಮೇಜು ಮಾತ್ರ ಮಿಷನ್ನಿನ ಮಗ್ಗುಲಲ್ಲಿ. ಅದು ಧಡಕ್ಕೆಂದಾಗಲೆಲ್ಲ ಅವನ ಪೆನ್ನು ಹಾರಿ ಇಲ್ಲದ ಕಡೆ ಅಲ್ಪವಿರಾಮ ಬೀಳುತ್ತಿತ್ತು. ಮನೆಯಲ್ಲೂ ಕಿರುಚಿಯೇ ಮಾತಾಡುವ ಅಭ್ಯಾಸವಾಗಿ, ಉಪ್ಪು ಕೇಳಿದರೂ ಜಗಳಕ್ಕೆ ಬಂದ ಹಾಗಿರುತ್ತದೆ ಎಂದು ಹೆಂಡತಿ ದೂರುತ್ತಿದ್ದಳು.

ಆ ಮೇಜು ಅವನಿಗೆ ಗಂಟುಬಿದ್ದದ್ದು ಬೇಸ್‌ಬಾಲ್‌ನಿಂದ. ಪ್ರೆಸ್ಸಿನವರು ಯಾರೂ ಆ ಆಟವನ್ನು ಮೈದಾನದಲ್ಲಿ ಕಂಡವರಲ್ಲ. ಆದರೆ ಆನ್‌ಲೈನಿನಲ್ಲಿ ತಂಡ ಕಟ್ಟುವ ಹುಚ್ಚು ಎಲ್ಲರಿಗೂ ಹಿಡಿದಿತ್ತು. ಎಲ್ಲರಿಗೂ ಒಂದೇ ಮೊತ್ತದ ಆಟದ ದುಡ್ಡು, ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಬೆಲೆ, ಜನ ಕೊಂಡಷ್ಟೂ ಏರುತ್ತದೆ, ಮಾರಿದಷ್ಟೂ ಇಳಿಯುತ್ತದೆ. ಒಬ್ಬನನ್ನೇ ಎಷ್ಟು ಮಂದಿಯಾದರೂ ಕೊಳ್ಳಬಹುದು. ಪಂದ್ಯವನ್ನು ಕಂಪ್ಯೂಟರೇ ಆಡಿಸುತ್ತದೆ. ಯೋಗ್ಯತೆಗಿಂತ ದುಬಾರಿ ಯಾರು, ಅಗ್ಗ ಯಾರು ಎಂದು ತೂಗಿನೋಡುವುದರಲ್ಲೇ ಇದೆ ಜಾಣತನವೆಲ್ಲ. ವರ್ಷದ ಕೊನೆಗೆ ಗೆದ್ದವರಿಗೆ ಕಿಟಕಿಯ ಮೇಜು, ತಳದಲ್ಲಿದ್ದವರಿಗೆ ಮಿಷನ್ನಿನ ಮೇಜು. ಕರಡಣ್ಣ ಮೂರು ವರ್ಷದಿಂದ ಕದಲಿರಲಿಲ್ಲ.

ಇವತ್ತು ಕೊನೆಯ ಪಂದ್ಯ. ಐದಕ್ಕೆ ಕೊಳ್ಳುವ ಮಾರುವ ಗಡುವು, ಐದೂವರೆಗೆ ಆಟ. ಎದುರಾಳಿ ಮೂರು ವರ್ಷದಿಂದ ಕಿಟಕಿಯ ಮೇಜಿನಲ್ಲಿರುವ ಬೈಂಡಿಂಗ್ ಅಕ್ಕ. ಆಕೆಯನ್ನು ಸೋಲಿಸಿದರೆ ಕರಡಣ್ಣ ಪಾರು. ಮಸಿ ಬೆರೆಸುವ ಮಸಿಯಪ್ಪ ತಳಕ್ಕಿಳಿಯುತ್ತಾನೆ.

ಬೆಳಿಗ್ಗೆ ಆ ಮಸಿಯಪ್ಪನೇ ಬಂದು, ಈ ಸಲ ಯಾರು ಅಗ್ಗ ಅನ್ನಿಸುತ್ತದೆ ಎಂದು ವಿನಯದಿಂದ ಕೇಳಿದ. ಕರಡಣ್ಣ ಉಬ್ಬಿಹೋಗಿ ಇನ್ನೂರು ಪುಟದ ನೋಟ್‌ಬುಕ್ಕು ಬಿಚ್ಚಿದ. ಆಟಗಾರರ ಹೆಸರು ನಾಲಿಗೆಗೆ ಹೊರಳದೆ ಪ್ರೆಸ್ಸಿನವರು ಅಡ್ಡಹೆಸರು ಇಟ್ಟುಕೊಂಡಿದ್ದರು. ಸಿಡಿಲು ಅಗ್ಗ ಎಂದ ಕರಡಣ್ಣ. ಬಂದ ಚೆಂಡಿಗೆಲ್ಲ ಬೀಸುತ್ತಾನೆ, ತಾಗಿದರೆ ಮೈದಾನದಾಚೆ. ಕಂಬ ಶುದ್ಧ ದುಬಾರಿ. ಬ್ಯಾಟು ಹಿಡಿದು ಸುಮ್ಮನೆ ನಿಲ್ಲುತ್ತಾನೆ, ಎದುರಿನವ ನಾಲ್ಕು ಸಲ ಅಡ್ಡಾದಿಡ್ಡಿ ಎಸೆದರೆ ಪುಕ್ಕಟೆಯಾಗಿ ಮೊದಲ ಬೇಸ್‌ವರೆಗೆ, ಅಂದರೆ ಓಟದ ಮೊದಲ ನಿಲ್ದಾಣಕ್ಕೆ, ನಡೆದುಹೋಗುತ್ತಾನೆ.

"ನಡೆಯೋದಕ್ಕೆ ಯಾರಾದ್ರೂ ದುಡ್ಡು ಕೊಡ್ತಾರೇನಯ್ಯ?"

ಮಸಿಯಪ್ಪ ತಲೆದೂಗಿ ಬರೆದುಕೊಂಡು ಹೋದ. ಅವನ ಹಿಂದೆ ಪ್ಯಾಕಿಂಗಿನವರು ಬಂದರು, ಪ್ಲೇಟ್ ಮಾಡುವವರು ಬಂದರು. ಎಲ್ಲರೂ ದೊಡ್ಡ ಡಾಕ್ಟರ ಮುಂದೆ ನಿಂತ ಹಾಗೆ ನಿಂತು ಕೇಳಿದರು. ಮಧ್ಯಾಹ್ನದ ಊಟವೂ ಕರಡಣ್ಣನಿಗೆ ಬೇಡವಾಯಿತು.

ಮೂರು ಗಂಟೆಗೆ ಫೋನು ತೆರೆದು ನೋಡಿದರೆ, ಅವನು ಹೊಗಳಿದವರನ್ನೆಲ್ಲ ಜನ ಮಾರುತ್ತಿದ್ದರು. ಸಿಡಿಲಿನ ಬೆಲೆ ಪಾತಾಳದಲ್ಲಿತ್ತು, ಕಂಬದ್ದು ಅಟ್ಟಕ್ಕೇರಿತ್ತು. ಅವನು ನೇರ ಬೈಂಡಿಂಗ್ ಅಕ್ಕನ ಬಳಿ ಹೋದ.

ಆಕೆ ಅಂಟಿನ ಬ್ರಷ್ಷು ಕೆಳಗಿಟ್ಟಳು. "ಬೇಜಾರು ಮಾಡ್ಕೋಬೇಡಿ ಕರಡಣ್ಣ. ಮೂರು ವರ್ಷದಿಂದ ನೀವು ಬೇಡ ಅಂದೋರನ್ನೇ ಕೊಂಡು ಗೆದ್ದಿದೀನಿ. ಈ ಸಲ ಎಲ್ಲರಿಗೂ ಗೊತ್ತಾಗಿದೆ, ಅಷ್ಟೇ."

"ಒಂದು ಸಲನೂ ನಾನು ಹೇಳಿದ್ದು ಸರಿಯಾಗಿಲ್ವಾ?"

"ಇಲ್ಲ. ಕಣ್ಣು ಮುಚ್ಚಿ ಆರಿಸಿದ್ರೂ ಅರ್ಧ ಸರಿ ಬರುತ್ತೆ. ನಿಮ್ಮ ಥರ ಒಂದೂ ಬಿಡದೆ ತಪ್ಪೋದು ನಮ್ಮಂಥೋರ ಕೈಲಿ ಆಗಲ್ಲ."

ಆಕೆಯ ದನಿಯಲ್ಲಿ ಗೇಲಿ ಇರಲಿಲ್ಲ, ಭಕ್ತಿಯಿತ್ತು. ಇರಬೇಕಾದ್ದೇ. ಇನ್ನೂರು ಪುಟ ಲೆಕ್ಕ ಹಾಕಿ ಒಂದು ಸಲವೂ ಗುರಿ ತಾಗದಂತೆ ನೋಡಿಕೊಳ್ಳುವುದೆಂದರೆ ಸಾಮಾನ್ಯವೇ? ಬರೆಯುವ ನನಗೇ ಮೈ ಜುಮ್ಮೆನ್ನುತ್ತದೆ.

ಕರಡಣ್ಣ ಮೇಜಿಗೆ ಬಂದು ಯೋಚಿಸಿದ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ತನ್ನ ಬುದ್ಧಿ ತಲೆಕೆಳಗಾಗಿದ್ದರೆ, ಅದನ್ನೇ ಇನ್ನೊಮ್ಮೆ ತಲೆಕೆಳಗು ಮಾಡಿದರಾಯಿತು. ಐದಕ್ಕೆ ಹತ್ತು ನಿಮಿಷವಿರುವಾಗ ಕಣ್ಣುಮುಚ್ಚಿ ಸಿಡಿಲನ್ನು ಮಾರಿ, ಉಳಿದಿದ್ದ ಆಟದ ದುಡ್ಡನ್ನೆಲ್ಲ ಸುರಿದು ಕಂಬವನ್ನು ಕೊಂಡ.

ಆ ಖರೀದಿ ಎಲ್ಲರ ಫೋನಿನಲ್ಲೂ ಕಾಣಿಸಿತು. ಮರುಕ್ಷಣ ಎಲ್ಲರ ಹೆಬ್ಬೆರಳೂ ಒಟ್ಟಿಗೆ ಓಡಿದವು. ಐದು ಹೊಡೆಯುವಾಗ ಅಕ್ಕನ ತಂಡದಲ್ಲಿ ಕಂಬ ಇರಲಿಲ್ಲ, ಸಿಡಿಲು ಇದ್ದ.

ಪಂದ್ಯ ಕೊನೆಯವರೆಗೂ ಸಮಸಮವಾಗಿಯೇ ಇತ್ತು. ಕರಡಣ್ಣನ ಕಡೆಯಿಂದ ಕಂಬ ಬಂದು ಎಂದಿನಂತೆ ನಿಂತ. ಎದುರಿನವ ಅವತ್ತೇ ಮೂರು ಚೆಂಡು ನೆಟ್ಟಗೆ ಎಸೆದ. ಮೂರನ್ನೂ ಬೀಸದೆ ಬಿಟ್ಟು ಕಂಬ ನಿಂತಲ್ಲೇ ಔಟಾದ. ಅಕ್ಕನ ಸರದಿ ಬಂದಾಗ ಸಿಡಿಲು ಮೊದಲ ಚೆಂಡನ್ನೇ ಮೈದಾನದಾಚೆ ಕಳಿಸಿದ.

ಯಾರೂ ನಗಲಿಲ್ಲ. ಹುಟ್ಟಿದ ಮೇಲೆ ಇಂಥದ್ದು ನೋಡಿರಲಿಲ್ಲ ಎಂದು ಮಸಿಯಪ್ಪ ಕಣ್ಣೊರೆಸಿಕೊಂಡ. ಅಕ್ಕ ಎದ್ದು ನಿಂತಳು.

"ನಿಮ್ಮನ್ನ ಆ ಮಿಷನ್ ಪಕ್ಕ ಕೂರಿಸೋದು ಪಾಪ, ಕರಡಣ್ಣ. ಈ ಸಲ ಯಾವ ಮೇಜು ಬೇಕೋ ನೀವೇ ಆರಿಸ್ಕೊಳ್ಳಿ. ನನ್ನದಾದ್ರೂ ಸರಿ."

ಕರಡಣ್ಣ ಒಂದೊಂದು ಮೇಜಿನ ಮುಂದೆಯೂ ನಿಂತು ಬೆಳಕು, ಗಾಳಿ, ಸದ್ದು ಎಲ್ಲವನ್ನೂ ತೂಗಿನೋಡಿದ. ಕೊನೆಗೆ ಕಿಟಕಿಯ ಮೇಜಿನ ಮೇಲೆ ಕೈಯಿಟ್ಟ. ಅಕ್ಕ ತಡಮಾಡದೆ ಅಂಟಿನ ಡಬ್ಬ, ಕತ್ತರಿ, ಕನ್ನಡಕದ ಪೆಟ್ಟಿಗೆ ಎತ್ತಿಕೊಂಡು ಮಿಷನ್ನಿನ ಮೇಜಿಗೆ ಹೋಗಿ ಕೂತಳು. ಎಂಥ ದೊಡ್ಡ ಮನಸ್ಸು ಎಂದು ಕರಡಣ್ಣ ಆಕೆಯ ಬೆನ್ನಿಗೆ ಕೈಮುಗಿದ. ಹೆಂಡತಿಗೆ ಫೋನು ಮಾಡಿ ಮೆಲುದನಿಯಲ್ಲಿ ಸುದ್ದಿ ಹೇಳಿದ. ಮೈ ಹುಷಾರಿಲ್ಲವೇ ಎಂದು ಆಕೆ ಗಾಬರಿಯಾದಳು.

ಅಷ್ಟರಲ್ಲಿ ಯಜಮಾನರು ಎಲೆಕ್ಟ್ರಿಷಿಯನ್ ಜೊತೆ ಒಳಗೆ ಬಂದರು. ಹಳೆಯ ಕಟಿಂಗ್ ಮಿಷನ್ ನಾಳೆ ಗುಜರಿಗೆ ಹೋಗುತ್ತದಂತೆ. ಅದರ ಎರಡರಷ್ಟು ದೊಡ್ಡದು ಬರುತ್ತದಂತೆ. ಅದಕ್ಕೆ ಬೇಕಾದ ಲೈನು ಕಿಟಕಿಯ ಗೋಡೆಯಲ್ಲಿ ಮಾತ್ರ ಇದೆ ಎಂದು ಎಲೆಕ್ಟ್ರಿಷಿಯನ್ ಈಗ ತಾನೇ ಹೇಳಿದನಂತೆ.

ಕರಡಣ್ಣ ನಿಧಾನವಾಗಿ ಅಕ್ಕನ ಕಡೆ ತಿರುಗಿದ. "ನಿಮಗೆ ಮೊದಲೇ ಗೊತ್ತಿತ್ತಾ?"

"ನನಗೆಲ್ಲಿಂದ ಗೊತ್ತಿರಬೇಕು ಕರಡಣ್ಣ? ನೀವು ಕಿಟಕಿ ಆರಿಸಿದ್ದು ನೋಡಿದೆ, ಅಷ್ಟೇ."