ಖಾಜಾಸಾಬರ ಅಂಗಡಿಯಲ್ಲಿ ಸಿಗ್ಮಾ

ಪತ್ರಿಕೆಗೆ ಬರೆದು ಬದುಕುವವನಿಗೆ ಕೀಲಿಮಣೆಯ ಮೇಲಿನ ಚಿಹ್ನೆಗಳಲ್ಲಿ ಮುಕ್ಕಾಲು ಪಾಲು ಅನಗತ್ಯ. ಪೂರ್ಣವಿರಾಮ, ಅಲ್ಪವಿರಾಮ, ಯಾರಾದರೂ ಭಾಷಣ ಮಾಡಿದರೆ ಉದ್ಧರಣ ಚಿಹ್ನೆ, ಇಷ್ಟಿದ್ದರೆ ಕೂಡ್ಲಿಗಿಯಿಂದ ಹಡಗಲಿಯವರೆಗಿನ ಸಮಸ್ತ ಆಗುಹೋಗುಗಳನ್ನೂ ವರದಿ ಮಾಡಬಹುದು. ಆಶ್ಚರ್ಯಸೂಚಕವನ್ನು ನಾನು ಬಳಸುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾರುಕಟ್ಟೆಯ ಮೆಕ್ಕೆಜೋಳದ ಆವಕದ ಸುದ್ದಿಯ ಕೊನೆಗೆ ಒಂದನ್ನು ಹಾಕಿದ್ದೆ. ಸುದ್ದಿ ಸಂಪಾದಕರು ಫೋನ್ ಮಾಡಿ, "ಆಶ್ಚರ್ಯ ಯಾರಿಗೆ ಆಗಿದೆ? ಅವರ ಹೆಸರು, ಊರು ಬರೆಯಿರಿ" ಎಂದರು. ಅಂದಿನಿಂದ ನನಗೆ ಯಾವುದರಲ್ಲೂ ಆಶ್ಚರ್ಯವಾಗಿಲ್ಲ. ಕೂಡಿಸುವ, ಕಳೆಯುವ ಗುರುತುಗಳನ್ನು ಮುಟ್ಟುವ ಸಂದರ್ಭವೂ ಬಂದಿರಲಿಲ್ಲ, ಗಣಿತದ ಟೀಚರೊಬ್ಬಳನ್ನೇ ಮದುವೆಯಾಗಿದ್ದರೂ.

ನನ್ನ ಹೆಂಡತಿ ವಿಶಾಲಾಕ್ಷಿ ಕೂಡ್ಲಿಗಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಈ ವರ್ಷ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗೆ ಇಡೀ ತಾಲ್ಲೂಕಿನ ಗಣಿತದ ಪ್ರಶ್ನೆಪತ್ರಿಕೆ ತಯಾರಿಸುವ ಹೊಣೆ ಅವಳ ಪಾಲಿಗೆ ಬಂತು. ಹೋದ ವರ್ಷ ಇನ್ಯಾರೋ ತಯಾರಿಸಿದ ಪತ್ರಿಕೆಯಲ್ಲಿ ಚಿಹ್ನೆ ಇರಬೇಕಾದ ಕಡೆಯಲ್ಲೆಲ್ಲ ಖಾಲಿ ಚೌಕಗಳು ಅಚ್ಚಾಗಿದ್ದವು. ಕೆಲವು ಮಕ್ಕಳು ಅವುಗಳೊಳಗೆ ತಮ್ಮ ರಿಜಿಸ್ಟರ್ ನಂಬರ್ ಬರೆದಿದ್ದರು.

"ನೋಡ್ರಿ, ನನ್ನ ಪೇಪರ್‌ನ್ಯಾಗ ಒಂದ ಒಂದು ಡಬ್ಬಿ ಬರಬಾರದು," ಎಂದಳು ವಿಶಾಲಾಕ್ಷಿ. "ಗುಟ್ಟಿನ ಕೆಲಸ, ಅಂಗಡ್ಯಾಗ ಕೊಡಂಗಿಲ್ಲ. ನೀವ ಟೈಪ್ ಮಾಡ್ರಿ. ಊರ ಮಂದಿ ಸುದ್ದಿ ಎಲ್ಲಾ ಟೈಪ್ ಮಾಡ್ತೀರಿ, ಹೆಂಡ್ತಿದೊಂದು ಆಗಂಗಿಲ್ಲೇನು?"

ಒಪ್ಪಿಕೊಂಡೆ. ನನ್ನ ಕಂಪ್ಯೂಟರಿನಲ್ಲಿರುವುದು ಹಳೆಯ ಕನ್ನಡ ಫಾಂಟು. ವರ್ಗಮೂಲದ ಚಿಹ್ನೆಯನ್ನು ಎಲ್ಲಿಂದಲೋ ತಂದು ಅಂಟಿಸಿದರೆ ಅದು ಒಂದು ಕೊಂಬಾಗಿ, ಪಕ್ಕದ ಅಕ್ಷರಕ್ಕೆ ನೇತುಬೀಳುತ್ತಿತ್ತು. ಚಿಹ್ನೆಗಳ ಪಟ್ಟಿಯನ್ನು ತೆರೆದರೆ ಕೊಡೆ ಇತ್ತು, ಕತ್ತರಿ ಇತ್ತು, ಚದುರಂಗದ ಕುದುರೆ ಎರಡು ಬಣ್ಣಗಳಲ್ಲಿತ್ತು. ಕೋನಕ್ಕೆ ಬೇಕಾದ ಥೀಟಾ ಕಾಣಲಿಲ್ಲ. ಕಂಡ ಕೆಲವನ್ನು ಹಾಕಿ ಪ್ರಿಂಟ್ ತೆಗೆದಾಗ ಹೋದ ವರ್ಷದ ಚೌಕಗಳೇ ಹೊರಬಂದವು. ಕೊನೆಗೆ ನನ್ನ ವೃತ್ತಿಯ ಶಿಸ್ತನ್ನೇ ನಂಬಿ, ಎಲ್ಲವನ್ನೂ ಅಕ್ಷರದಲ್ಲಿ ಬರೆದುಕೊಟ್ಟೆ. ಉದಾಹರಣೆಗೆ: ಎಕ್ಸ್‌ನ ವರ್ಗದಿಂದ ಐದು ಎಕ್ಸ್ ಕಳೆದು ಆರು ಕೂಡಿಸಿದರೆ ಸೊನ್ನೆಯಾಗುತ್ತದೆ ಎನ್ನಲಾಗಿದೆ. ವಿಶಾಲಾಕ್ಷಿ ಅದನ್ನು ಓದಿ ಕನ್ನಡಕ ತೆಗೆದಳು.

"ಎನ್ನಲಾಗಿದೆ ಅಂದ್ರ ಯಾರಂದಾರ್ರಿ?"

"ಖಚಿತವಾಗುವವರೆಗೆ ಹಾಗೆ ಬರೆಯುವುದೇ ಪದ್ಧತಿ."

"ಸೊನ್ನಿ ಆಕ್ಕೈತಿ, ಅಷ್ಟ. ಅದಕ್ಕ ಸಾಕ್ಷಿ ಬ್ಯಾಡ."

ಆಮೇಲೆ ನನಗೆ ನೆನಪಾದದ್ದು ಬಸ್ ನಿಲ್ದಾಣದ ಬಳಿ ಡಿಟಿಪಿ ಅಂಗಡಿ ಇಟ್ಟಿರುವ ಖಾಜಾಸಾಬರು. ಮದುವೆಯ ಲಗ್ನಪತ್ರಿಕೆ, ಅಂಗಡಿ ಉದ್ಘಾಟನೆಯ ಕರಪತ್ರ, ಶ್ರದ್ಧಾಂಜಲಿಯ ಬ್ಯಾನರ್ ಎಲ್ಲ ಅವರದೇ. ಆದರೆ ಪ್ರಶ್ನೆಪತ್ರಿಕೆ ಗುಟ್ಟಿನದು. ಇಂಥ ಕಡೆ ನಮ್ಮ ಕಸುಬಿನಲ್ಲಿ ಒಂದು ವಿಧಾನವಿದೆ. ಠಾಣೆಯಲ್ಲಿ ಏನನ್ನಾದರೂ ತಿಳಿಯಬೇಕಾದರೆ ಇಡೀ ಪ್ರಶ್ನೆಯನ್ನು ಯಾರಿಗೂ ಕೇಳುವುದಿಲ್ಲ. ಒಂದೊಂದೇ ಚೂರು ಕೇಳುತ್ತ ಹೋಗುತ್ತೇವೆ, ನಾವು ಏನು ಬರೆಯುತ್ತಿದ್ದೇವೆ ಎಂಬುದು ಹೇಳಿದವರಿಗೂ ತಿಳಿಯುವುದಿಲ್ಲ. ಅದೇ ಪ್ರಕಾರ ನಾನು ಟೀ ಕುಡಿಯುವ ನೆಪದಲ್ಲಿ ಹೋಗಿ, ಒಂದು ಸಲಕ್ಕೆ ಒಂದೇ ಚಿಹ್ನೆ ಕೇಳತೊಡಗಿದೆ.

"ವರ್ಗಮೂಲ ಐತೇನು ಖಾಜಾಸಾಬ್?"

"ಇಲ್ಲ ಸಾಹೇಬ್ರ, ಮಾಡಿಕೊಡ್ತೀನಿ ತಗೋರಿ. ಎಲೆಕ್ಷನ್ ಕರಪತ್ರದ್ದು ರೈಟ್ ಮಾರ್ಕ್ ಐತಿ, ಅದರ ತಲಿಮ್ಯಾಲ ಒಂದು ಗೆರಿ ಎಳೆದ್ರ ಆತು."

ಮರುದಿನ ತ್ರಿಭುಜ ಕೇಳಿದೆ. ಕುಟುಂಬ ಯೋಜನೆಯ ಕೆಂಪು ತ್ರಿಕೋನವನ್ನು ತಲೆಕೆಳಗು ಮಾಡಿ, ಬಣ್ಣ ತೆಗೆದು ಕೊಟ್ಟರು. ಥೀಟಾಕ್ಕೆ ಸೊನ್ನೆಯ ಹೊಟ್ಟೆಯಲ್ಲಿ ಅಡ್ಡಗೆರೆ ಹಾಕಿದರು. "ಇವೆಲ್ಲ ಯಾಕ ಬೇಕಾದವು ಸಾಹೇಬ್ರ ನಿಮಗ? ಪೇಪರ್‌ನ್ಯಾಗ ಏನರ ಹೊಸಾದು ಬರಾಕ ಹತ್ತೈತೇನು?" ಎಂದು ಕೇಳಿದರು. ಸುದ್ದಿಗೆ ಬೇಕು ಎಂದೆ. ಅವರು ತಲೆದೂಗಿ ಇನ್ನೊಂದು ಟೀ ಹೇಳಿದರು. ಒಬ್ಬ ವರದಿಗಾರನಾಗಿ ನಾನು ಕೇಳಬೇಕಾಗಿದ್ದ ಮೊದಲ ಪ್ರಶ್ನೆಯನ್ನು ಮಾತ್ರ ಕೇಳಿರಲಿಲ್ಲ: ನಿಮ್ಮ ಮಗಳು ಈಗ ಎಷ್ಟನೇ ತರಗತಿ?

ಪರೀಕ್ಷೆಗೆ ಕೆಲವೇ ದಿನ ಇರುವಾಗ ವಿಶಾಲಾಕ್ಷಿ ಶಾಲೆಯಿಂದ ಬಂದವಳು ಬ್ಯಾಗನ್ನೂ ಇಳಿಸದೆ ನನ್ನ ಎದುರು ನಿಂತಳು. ಅಂದು ಅವಳು ತರಗತಿಯಲ್ಲಿ, ಮೊತ್ತಕ್ಕೆ ಸಿಗ್ಮಾ ಚಿಹ್ನೆ ಬಳಸುವ ಸಂಖ್ಯಾಶಾಸ್ತ್ರದ ಪುನರಾವರ್ತನೆ ಶುರು ಮಾಡಿದ್ದಳಂತೆ. ಯಾರೂ ಪುಸ್ತಕ ತೆಗೆಯಲಿಲ್ಲ. ಯಾಕೆಂದು ಕೇಳಿದರೆ ಮುಂದಿನ ಬೆಂಚಿನ ಶಬಾನಾ ಎದ್ದು ನಿಂತು, "ಅದು ಬರಂಗಿಲ್ಲಲ್ರಿ ಮಿಸ್. ಪೇಪರಿನ ಸಾಹೇಬ್ರು ನಮ್ಮಪ್ಪನ ಅಂಗಡ್ಯಾಗ ಎಲ್ಲಾ ಕೇಳ್ಯಾರಂತ, ಸಿಗ್ಮಾ ಒಂದ ಕೇಳಿಲ್ಲಂತ" ಎಂದಳಂತೆ.

"ಹೊಸಹಳ್ಳಿ ಶಾಲಿ ಮೇಡಂ ಫೋನ್ ಮಾಡಿದ್ರು," ಎಂದಳು ವಿಶಾಲಾಕ್ಷಿ. "ಅಲ್ಲಿ ಹುಡುಗ್ರೂ ಸಿಗ್ಮಾ ಬಿಟ್ಟು ಕುಂತಾರಂತ. ಏನ್ ಮಾಡೀರಿ ನೀವು?"

ನಾನು ಬರೆದ ಸುದ್ದಿ ಹೊಸಹಳ್ಳಿ ತಲುಪುವಷ್ಟರಲ್ಲಿ ಹಳತಾಗಿರುತ್ತದೆ. ಬರೆಯದ ಸುದ್ದಿ ಬಸ್ಸಿಗಿಂತ ಮುಂಚೆ ತಲುಪಿತ್ತು. ನಾನು ಟೈಪ್ ಮಾಡಿದ್ದರಲ್ಲಿ ಸಿಗ್ಮಾ ಇಲ್ಲ, ಅಂದಮೇಲೆ ಸಂಖ್ಯಾಶಾಸ್ತ್ರದ ಪ್ರಶ್ನೆಯೂ ಇಲ್ಲವಲ್ಲ, ನಷ್ಟವೇನು ಎಂದು ಸಮಾಧಾನ ಹೇಳಲು ಹೋದೆ.

"ಐತಲ್ರಿ! ಸರಾಸರಿ ಕಂಡುಹಿಡಿಯಿರಿ ಅಂತ ಐತಿ, ಕೆಳಗೊಂದು ಕೋಷ್ಟಕ ಐತಿ. ಪ್ರಶ್ನಿಯೊಳಗ ಸಿಗ್ಮಾ ಯಾಕ ಬೇಕು? ಅದು ಬರೋದು ಉತ್ತರದಾಗ. ಅಂಚಿನ ಮ್ಯಾಲ ಇರೋ ಹುಡುಗ್ರು ಪಾಸಾಗೋದ ಆ ಒಂದು ಲೆಕ್ಕದಾಗ. ಅವರ ಅದನ್ನ ಬಿಟ್ಟು ಕುಂತಾರ."

ತಪ್ಪು ಸುದ್ದಿ ಹೋದರೆ ಮರುದಿನ ತಿದ್ದುಪಡಿ ಹಾಕುವುದು ನಮ್ಮಲ್ಲಿ ನಿಯಮ. ಈ ಸುದ್ದಿಗೆ ತಿದ್ದುಪಡಿ ಹಾಕಿದರೆ ಪ್ರಶ್ನೆಪತ್ರಿಕೆಯನ್ನೇ ಹಾಕಿದಂತೆ. ವಿಶಾಲಾಕ್ಷಿ ಕೊನೆಗೂ ಬ್ಯಾಗನ್ನು ಇಳಿಸಿ, "ನಾಳಿ ಹೋಗಿ ಸಿಗ್ಮಾ ಕೇಳ್ರಿ" ಎಂದಳು.

"ನನಗೆ ಅದು ಬೇಕಾಗಿಲ್ಲವಲ್ಲ. ಬೇಡದ್ದನ್ನು ಬೇಕು ಎಂದರೆ ಸುಳ್ಳಾಗುತ್ತದೆ."

"ಬೇಕು ಅನಬ್ಯಾಡ್ರಿ. ಐತೇನು ಅಂತ ಕೇಳ್ರಿ. ಕೇಳೋದು ನಿಮ್ಮ ಕೆಲಸ ಅಲ್ಲೇನು?"

ಹೋಗಿ ಕೇಳಿದೆ. ಸಿಗ್ಮಾ ಅಷ್ಟೇ ಅಲ್ಲ, ಗಣಿತದ ಪುಸ್ತಕದಲ್ಲಿದ್ದ ಎಲ್ಲ ಚಿಹ್ನೆಗಳನ್ನೂ, ಸಂಶಯ ಬರದಿರಲಿ ಎಂದು ಪುಸ್ತಕದಲ್ಲಿ ಇಲ್ಲದ ಅನಂತದ ಚಿಹ್ನೆಯನ್ನೂ ಕೇಳಿದೆ. "ಅದೇನ್ ಮಹಾ, ಎಂಟನ್ನ ಮಲಗಿಸಿದ್ರ ಆತು," ಎಂದು ಖಾಜಾಸಾಬರು ಮಲಗಿಸಿದರು. ಆ ನಡುವೆ ಪಕ್ಕದ ಫೋನಿಗೆ ಎರಡು ಸಲ ಕಣ್ಣು ಹಾಯಿಸಿದರು.

ಪ್ರಶ್ನೆಪತ್ರಿಕೆಯಲ್ಲಿ ನಾನು ಖಾಜಾಸಾಬರ ಚಿಹ್ನೆಗಳನ್ನು ಹಾಕದೆ ಜಾಗವನ್ನು ಖಾಲಿ ಬಿಟ್ಟೆ. ಅವರ ತ್ರಿಕೋನದ ಅಂಚಿನಲ್ಲಿ ಇನ್ನೂ ಕೆಂಪು ಉಳಿದಿತ್ತು, ಕುಟುಂಬ ಯೋಜನೆಯನ್ನು ಅದು ಪೂರ್ತಿ ಮರೆತಿರಲಿಲ್ಲ. ವಿಶಾಲಾಕ್ಷಿ ಕರಿಹಲಗೆಯ ಮೇಲೆ ಬರೆಯುವ ಅಕ್ಷರದಲ್ಲೇ ಪೆನ್ನಿನಿಂದ ಅವನ್ನು ತುಂಬಿಸಿದಳು. ಒಂದು ಡಬ್ಬಿಯೂ ಬರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಉತ್ತರಪತ್ರಿಕೆ ನೋಡುತ್ತ, "ಇಡೀ ಪುಸ್ತಕ ಓದ್ಯಾರ್ರಿ ಹುಡುಗ್ರು. ಸಿಗ್ಮಾ ಎಲ್ಲಾರೂ ಬರೆದಾರ. ಒಬ್ಬ ಮಾತ್ರ ಅನಂತ ಯಾಕ ಕೇಳಲಿಲ್ಲ ಅಂತ ಕೆಳಗ ಬರೆದಾನ" ಎಂದಳು. ಇಷ್ಟು ವರ್ಷದ ವರದಿಗಾರಿಕೆಯಲ್ಲಿ ನನ್ನಿಂದ ತಾಲ್ಲೂಕಿಗೆ ಆದ ಉಪಕಾರ ಇದೊಂದೇ ಇರಬಹುದು, ಮತ್ತು ಅದನ್ನು ಎಲ್ಲಿಯೂ ಪ್ರಕಟಿಸುವಂತಿಲ್ಲ.

ಮೊನ್ನೆ ಅವಳ ಶಾಲೆಯ ಸಮಾಜ ವಿಜ್ಞಾನದ ಮೇಷ್ಟರು ಮನೆಗೆ ಬಂದಿದ್ದರು. ಟೀ ಮುಗಿಸಿ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು: "ಸರ್, ಹುಡುಗ್ರು ನಕಾಶಿ ಮುಟ್ಟವಲ್ರು. ನೀವು ಅಡ್ಡಾಡಕೊಂತ ಖಾಜಾಸಾಬರ ಅಂಗಡಿಗೆ ಹೋಗಿ, ಭಾರತದ ನದಿಗಳ ನಕಾಶಿ ಐತೇನು ಅಂತ ಒಂದು ಮಾತು ಕೇಳ್ರಲ್ಲ."

ಮೂಲವನ್ನು ಬಹಿರಂಗಪಡಿಸಬಾರದು ಎಂಬ ಷರತ್ತಿನ ಮೇಲೆ ಒಪ್ಪಿಕೊಂಡೆ.